9600 ಡಿಪಿಐ ಕಲರ್ ಲೇಸರ್‌ನಲ್ಲೂ ಖಣದ ಫೋಟೊ ಯಾಕೆ ಚೆನ್ನಾಗಿ ಬರುತ್ತಿಲ್ಲ?

ಖಣದಂಗಡಿ_ಗುಳೇದಗುಡ್ಡ:

ನಮ್ಮದು ಖಣ (ರವಿಕೆ ಬಟ್ಟೆ) ಮತ್ತು ಇಳಕಲ್ ಸೀರೆಯ ಅಂಗಡಿ. ಪುಣೆ, ಸೊಲ್ಲಾಪುರದ ವ್ಯಾಪಾರಿಗಳಿಗೆ ಕೊಡಲು ಒಂದು ಸಣ್ಣ ಕ್ಯಾಟಲಾಗ್ ಬೇಕಾಗಿದೆ. ಎ4 ಹಾಳೆ ಮಡಿಸಿದ ಅಳತೆ, ಹದಿನಾರು ಪುಟ. ನೂರು ಪ್ರತಿ ಸಾಕು. ಅಷ್ಟಕ್ಕೆ ಆಫ್‌ಸೆಟ್ ಪ್ಲೇಟ್ ಮಾಡಿಸಿದರೆ ಕೈ ಸುಡುತ್ತದೆ. ಹಾಗಾಗಿ ಬಾಗಲಕೋಟೆ ನವನಗರದಲ್ಲಿ ಗೆಳೆಯರ ಆಫೀಸಿನ ಕಲರ್ ಲೇಸರ್ ಪ್ರಿಂಟರ್‌ನಲ್ಲಿ ಸ್ಯಾಂಪಲ್ ತೆಗೆಸಿದೆ.

ಬಿಳಿ ಹಾಳೆ ಮೇಲಿನ ಕಪ್ಪು ಅಕ್ಷರ ಕಡೆದಿಟ್ಟ ಹಾಗೆ ಬಂದಿದೆ. ತಕರಾರು ಇರುವುದು ಫೋಟೊಗಳದು. ಖಣದ ಸಣ್ಣ ಸಣ್ಣ ಬುಟ್ಟಾ ಇರುವ ಕಡೆ ನೀರಿನ ಅಲೆ ತರಹ ಪಟ್ಟೆ ಕಾಣಿಸುತ್ತದೆ. ಬಟ್ಟೆಯಲ್ಲಿ ಅಂಥದ್ದು ಏನೂ ಇಲ್ಲ. ಇಳಕಲ್ ಸೀರೆಯ ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಮುಖಪುಟದಲ್ಲಿ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇದೆ, ಅದರ ಅಂಚಿಗೆ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ತಿಳಿನೀಲಿ ಗೆರೆ. ಇದೆಲ್ಲ ಸಾಲದು ಅಂತ, ಅದೇ ಫೈಲ್ ಮತ್ತೊಂದು ದಿನ ತೆಗೆದರೆ ಬಣ್ಣವೇ ಬೇರೆ.

ಪ್ರಿಂಟರ್ ಪೆಟ್ಟಿಗೆ ಮೇಲೆ ದೊಡ್ಡದಾಗಿ 9600 ಡಿಪಿಐ (ಇಂಚಿಗೆ ಅಷ್ಟು ಡಾಟ್) ಅಂತ ಬರೆದಿದೆ. ದೊಡ್ಡ ಅಂಗಡಿಗಳ ಡಿಜಿಟಲ್ ಪ್ರಿಂಟ್ ನೋಡಿದರೆ ಮ್ಯಾಗಜೀನ್ ಹಾಗೇ ಇರುತ್ತದೆ, ಅದೂ ಲೇಸರ್ ಮಷೀನೇ ಅಂತಾರೆ. ಹಾಗಾದರೆ ಅವರು ಮಾಡುವುದೇನು, ನಮ್ಮದರಲ್ಲಿ ಆಗದೇ ಇರುವುದೇನು? ಇನ್ನೂ ಜಾಸ್ತಿ ಡಿಪಿಐ ಇರುವ ಮಷೀನ್ ಕೊಂಡರೆ ಸರಿಹೋಗುತ್ತದಾ?

ಗುಮ್ಮಟ_ಸೈಬರ್:

ವಿಜಯಪುರದಿಂದ. ಲೇಸರ್ ಇರುವುದೇ ಕಾಗದಪತ್ರಕ್ಕೆ. ಫೋಟೊ ಬೇಕಾದರೆ ಇಂಕ್‌ಜೆಟ್ ತಗೊಳ್ಳಿ. ಇಲ್ಲಾಂದರೆ ಅದೇ ಲೇಸರ್‌ಗೆ ಗ್ಲಾಸಿ ಫೋಟೊ ಪೇಪರ್ ಹಾಕಿ ನೋಡಿ, ಮಿಂಚು ಬರುತ್ತದೆ.

ನಮ್ಮಲ್ಲಿ ಬೇರೆ ತೊಂದರೆ ಇದೆ. ಗೋಲಗುಮ್ಮಟದ ಫೋಟೊ ಕಾರ್ಡ್ ತೆಗೆಯುತ್ತೇವೆ. ಕಲ್ಲು ಚೆನ್ನಾಗಿ ಬರುತ್ತದೆ, ಮೇಲಿನ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲು ಆಗುತ್ತದೆ. ಜೊತೆಗೆ ಪ್ರತಿ ಹಾಳೆಯಲ್ಲೂ ಒಂದು ನೀಲಿ ಚುಕ್ಕೆ, ಸ್ವಲ್ಪ ಕೆಳಗೆ ಮತ್ತೆ ಅಂಥದ್ದೇ ಇನ್ನೊಂದು. ಯಾರಿಗಾದರೂ ಗೊತ್ತಿದ್ದರೆ ಇದನ್ನೂ ಹೇಳಿ.

ಡ್ರಮ್‌ರಿಪೇರಿ_ಬೆಳಗಾವಿ:

ಮೊದಲು ಆ ಫೋಟೊ ಪೇಪರ್ ಮಾತು ಕೈಬಿಡಿ. ಇಂಕ್‌ಜೆಟ್ ಫೋಟೊ ಪೇಪರನ್ನು ಲೇಸರ್‌ಗೆ ಹಾಕಲೇಬಾರದು. ಅದರ ಮೇಲಿನ ಲೇಪನ ಶಾಯಿ ಹೀರುವುದಕ್ಕೆ ಇರುವುದು, ಬಿಸಿ ತಡೆಯುವುದಕ್ಕಲ್ಲ. ಲೇಸರ್‌ನಲ್ಲಿ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಹೆಚ್ಚುಕಡಿಮೆ 180 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಲೇಪನ ಕರಗಿ ರೋಲರ್‌ಗೆ ಸುತ್ತಿಕೊಂಡರೆ ಫ್ಯೂಸರ್ ಹೋಯಿತು ಅಂತಲೇ ಲೆಕ್ಕ. ಮಿಂಚು ಬೇಕಾದರೆ ಲೇಸರ್‌ಗೆ ಅಂತಲೇ ಬರುವ ಗ್ಲಾಸಿ ಅಥವಾ ಆರ್ಟ್ ಪೇಪರ್ ಸಿಗುತ್ತದೆ, ಕಟ್ಟಿನ ಮೇಲೆ ಬರೆದಿರುತ್ತಾರೆ.

ನಾನು ಪ್ರಿಂಟರ್ ಸರ್ವಿಸ್ ಮಾಡುವವನು, ಟಿಳಕವಾಡಿ ಕಡೆ. ಖಾನಾಪುರದ ಮಳೆಯಲ್ಲಿ ನೆನೆದ ಆಫೀಸಿನ ಮಷೀನೂ ನೋಡಿದ್ದೇನೆ, ಏಪ್ರಿಲ್ ಬಿಸಿಲಲ್ಲಿ ವಿಜಯಪುರದ ಮಷೀನೂ ನೋಡಿದ್ದೇನೆ. ಹಾಗಾಗಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಲೇಸರ್‌ನಲ್ಲಿ ಫೋಟೊ ಚೆನ್ನಾಗಿ ಬರುವುದು ಡಿಪಿಐ ಜಾಸ್ತಿ ಇದೆ ಅಂತಲ್ಲ. ಸಣ್ಣ ಡಾಟ್ ಪ್ರತಿ ಸಲವೂ ಒಂದೇ ಜಾಗಕ್ಕೆ, ಒಂದೇ ಗಾತ್ರದಲ್ಲಿ ಬೀಳುತ್ತದೆಯಾ ಅನ್ನುವುದು ಮುಖ್ಯ. ದೊಡ್ಡ ಮಷೀನಿನ ದುಡ್ಡೆಲ್ಲ ಹೋಗುವುದು ಅದಕ್ಕೇ.

ಆ 9600 ಲೆಕ್ಕ ನೋಡಿ. ನಿಮ್ಮ ಮಷೀನು ನಿಜಕ್ಕೂ 600 ಡಿಪಿಐ ಇರಬೇಕು. ಇಂಚಿಗೆ 600 ಅಂದರೆ ಒಂದು ಡಾಟ್‌ನಿಂದ ಇನ್ನೊಂದಕ್ಕೆ 42 ಮೈಕ್ರಾನ್. ಆ 42 ಮೈಕ್ರಾನ್ ಜಾಗ ದಾಟುವಷ್ಟು ಹೊತ್ತು ಲೇಸರ್ ಪೂರ್ತಿ ಉರಿಯಬೇಕು ಅಂತಿಲ್ಲ. ಹದಿನಾರರಲ್ಲಿ ಒಂದು ಪಾಲು ಉರಿಯಬಹುದು, ಎರಡು ಪಾಲು ಉರಿಯಬಹುದು, ಹೀಗೆ. 600ನ್ನು 16ರಿಂದ ಗುಣಿಸಿದರೆ 9600. ಪೆಟ್ಟಿಗೆ ಮೇಲೆ ಬರೆಯುವವರು ಬಿಡ್ತಾರಾ?

ಹಾಗಂತ ಅದು ಬರೀ ಸುಳ್ಳೂ ಅಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿರಬೇಕು. ಡ್ರಮ್‌ಗೆ, ಅಂದರೆ ಚಿತ್ರ ಮೂಡುವ ಉರುಳೆಗೆ, ಕೆಲವು ನೂರು ವೋಲ್ಟ್ ನೆಗೆಟಿವ್ ಚಾರ್ಜ್ ಕೊಡುತ್ತಾರೆ. ಗಿರಗಿರ ತಿರುಗುವ ಬಹುಮುಖದ ಕನ್ನಡಿಯಿಂದ ಲೇಸರ್ ಕಿರಣ ಡ್ರಮ್ ಮೇಲೆ ಅಡ್ಡಡ್ಡ ಹರಿಯುತ್ತದೆ. ಬೆಳಕು ಬಿದ್ದ ಕಡೆ ಚಾರ್ಜ್ ಇಳಿಯುತ್ತದೆ, ಅಲ್ಲಿ ಟೋನರ್ ಅನ್ನುವ ಬಣ್ಣದ ಪುಡಿ ಅಂಟುತ್ತದೆ. (ಲೇಸರ್ ಹೀಗೆ ಓಡಿಸುವ ಯೋಚನೆ ಝೆರಾಕ್ಸ್ ಕಂಪನಿಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಅವರದು. ಅಲ್ಲಿಂದ ಬಂದ ಝೆರಾಕ್ಸ್ 9700 ಮಷೀನು ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಅದು ಬರೀ ಕಪ್ಪು ಬಿಳುಪು.) ಈಗ ವಿಷಯ ಏನೆಂದರೆ, ಟೋನರ್‌ನಲ್ಲಿ ತಿಳಿ ಬಣ್ಣ ಅಂತ ಇಲ್ಲ. ಪುಡಿ ಅಂಟಿದರೆ ಅಂಟಿತು, ಇಲ್ಲದಿದ್ದರೆ ಇಲ್ಲ. ಸಯಾನ್ (ತಿಳಿನೀಲಿ), ಮೆಜೆಂಟಾ (ಗುಲಾಬಿ), ಹಳದಿ, ಕಪ್ಪು ಇವು ನಾಲ್ಕೇ. ಉಳಿದ ಸಾವಿರಾರು ಬಣ್ಣ ನಮ್ಮ ಕಣ್ಣು ಮಾಡಿಕೊಳ್ಳುವುದು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಖಣ ದೂರದಿಂದ ಮೂರನೇ ಬಣ್ಣವಾಗಿ ಕಾಣುತ್ತದೆ ಅಲ್ವಾ, ಪ್ರಿಂಟ್‌ನಲ್ಲೂ ನಡೆಯುವುದು ಅದೇ.

ತಿಳಿ ಬಣ್ಣ ಬೇಕಾದರೆ ಡಾಟ್‌ಗಳನ್ನು ಗುಂಪು ಮಾಡಿ ಚೌಕದ ಮನೆ ಕಟ್ಟುತ್ತಾರೆ. ಇದಕ್ಕೆ ಹಾಫ್‌ಟೋನ್ ಅಂತಾರೆ. 8 ಅಡ್ಡ, 8 ಉದ್ದ ಇಟ್ಟರೆ ಒಂದು ಮನೆಗೆ 64 ಡಾಟ್. ಖಾಲಿ ಮನೆಯೂ ಸೇರಿ 65 ಹಂತದ ಬಣ್ಣ ಸಿಗುತ್ತದೆ. ಆದರೆ 600 ಡಿಪಿಐನಲ್ಲಿ ಅಂಥ ಮನೆ ಇಂಚಿಗೆ 75 ಮಾತ್ರ ಹಿಡಿಯುತ್ತವೆ. ಒಳ್ಳೆಯ ಆಫ್‌ಸೆಟ್ ಮ್ಯಾಗಜೀನ್‌ನಲ್ಲಿ 150ರಿಂದ 175 ಇರುತ್ತದೆ. ನೀವು 150 ಬೇಕು ಅಂತ ಮನೆಯನ್ನು 4 ಅಡ್ಡ 4 ಉದ್ದಕ್ಕೆ ಇಳಿಸಿದರೆ, ಸಿಗುವುದು 17 ಹಂತ. ಗುಮ್ಮಟದ ಮೇಲಿನ ಆಕಾಶ ಮೆಟ್ಟಿಲಾಗುವುದಕ್ಕೆ ಹಂತ ಸಾಲದೇ ಇರುವುದೇ ಸಾಮಾನ್ಯ ಕಾರಣ.

ಈಗ ಆ ಹದಿನಾರು ಪಾಲಿನ ಆಟ ಉಪಯೋಗಕ್ಕೆ ಬರುತ್ತದೆ. 16 ಡಾಟ್‌ನ ಮನೆ, ಪ್ರತಿ ಡಾಟ್‌ಗೂ 16 ಅಗಲ. ಲೆಕ್ಕದಲ್ಲಿ 256 ಹಂತ ಬಂತು, ಮನೆಯೂ ಸಣ್ಣದೇ ಉಳಿಯಿತು. ಹೊಳಪಿನ ಪ್ರಿಂಟ್ ಕೊಡುವ ಮಷೀನುಗಳ ಗುಟ್ಟು ಅರ್ಧ ಇಲ್ಲೇ ಇದೆ. ಲೆಕ್ಕದಲ್ಲಿ ಅಂದೆ, ಗಮನಿಸಿ. ಟೋನರ್ ಕಣವೇ 5ರಿಂದ 8 ಮೈಕ್ರಾನ್ ದಪ್ಪ. ಒಂಟಿ ಸಣ್ಣ ಡಾಟ್ ಮೇಲೆ ಎಷ್ಟು ಕಣ ಕೂರುತ್ತವೆ ಅನ್ನುವುದಕ್ಕೆ ಭರವಸೆ ಇಲ್ಲ. ಒಮ್ಮೆ ಕೂರುತ್ತವೆ, ಒಮ್ಮೆ ಜಾರುತ್ತವೆ. ಅದಕ್ಕೇ ಲೇಸರ್‌ನವರು ಇಂಕ್‌ಜೆಟ್ ಹಾಗೆ ಒಂಟಿ ಡಾಟ್ ಎರಚುವುದಿಲ್ಲ, ಗುಂಪಾಗಿ ಬೆಳೆಸುತ್ತಾರೆ.

ಇಲ್ಲಿ ಟೋನರ್ ಗುಣ ಎದ್ದು ಕಾಣುತ್ತದೆ. ಹಳೇ ಪದ್ಧತಿಯಲ್ಲಿ ಪ್ಲಾಸ್ಟಿಕ್ ಮತ್ತು ಬಣ್ಣ ಬೆರೆಸಿ, ಗಟ್ಟಿ ಮಾಡಿ, ಪುಡಿ ಮಾಡುತ್ತಿದ್ದರು. ಕಣಗಳು ಒಡೆದ ಕಲ್ಲಿನ ಚೂರುಗಳೇ. ಈಗಿನ ಒಳ್ಳೆಯ ಟೋನರನ್ನು ರಾಸಾಯನಿಕವಾಗಿ ಬೆಳೆಸುತ್ತಾರೆ. ಕಣ ಸಣ್ಣದು, ಹೆಚ್ಚುಕಡಿಮೆ ದುಂಡಗೆ, ಎಲ್ಲ ಒಂದೇ ಅಳತೆ, ಒಳಗೆ ಮೇಣವೂ ಇರುತ್ತದೆ. ಎಲ್ಲ ಕಣವೂ ಒಂದೇ ರೀತಿ ಚಾರ್ಜ್ ಹಿಡಿಯುವುದರಿಂದ ಡಾಟ್ ಅಂಚು ಚೊಕ್ಕಟ. ಕಡಿಮೆ ಬೆಲೆಯ ರೀಫಿಲ್ ಪುಡಿ ತುಂಬಿಸಿ ಫೋಟೊ ಮಾತ್ರ ಮ್ಯಾಗಜೀನ್ ಹಾಗೆ ಬರಲಿ ಅಂದರೆ ಹೇಗೆ? ಕಪ್ಪು ಅಕ್ಷರಕ್ಕೆ ರೀಫಿಲ್ ನಡೆಯುತ್ತದೆ, ನಾನೇ ಹಾಕಿಕೊಡುತ್ತೇನೆ. ಕಲರ್ ಫೋಟೊಗೆ ಬೇಡ.

ಬಿಳಿ ಅಕ್ಷರದ ಅಂಚಿನ ಗುಲಾಬಿ ನೀಲಿ ಗೆರೆಗೆ ಬರೋಣ. ಈಗಿನ ಮಷೀನಿನಲ್ಲಿ ನಾಲ್ಕು ಡ್ರಮ್ ಸಾಲಾಗಿರುತ್ತವೆ. ಅನೇಕ ಮಷೀನುಗಳಲ್ಲಿ ನಾಲ್ಕೂ ಬಣ್ಣ ಮೊದಲು ಒಂದು ಬೆಲ್ಟ್ ಮೇಲೆ ಬಿದ್ದು, ಅಲ್ಲಿಂದ ಒಟ್ಟಿಗೆ ಹಾಳೆಗೆ ಇಳಿಯುತ್ತವೆ. ನಾಲ್ಕು ಡ್ರಮ್, ನಾಲ್ಕು ಬೆಳಕು, ಒಂದು ಬೆಲ್ಟ್. ಬಿಸಿಗೆ ಎಲ್ಲವೂ ಕೂದಲೆಳೆಯಷ್ಟು ಹಿಗ್ಗುತ್ತವೆ. ಒಂದು ಬಣ್ಣ ಎರಡು ಮೂರು ಡಾಟ್‌ನಷ್ಟು ಸರಿದರೂ ಬಿಳಿ ಅಕ್ಷರದ ಅಂಚಲ್ಲಿ ಗೊತ್ತಾಗುತ್ತದೆ. ಅದನ್ನು ಸರಿಪಡಿಸಲು ಮಷೀನು ತಾನೇ ಬೆಲ್ಟ್ ಮೇಲೆ ಗುರುತು ಹಾಕಿ, ಸೆನ್ಸರ್‌ನಿಂದ ಓದಿ, ಲೇಸರ್ ಹೊತ್ತುವ ಸಮಯ ಬದಲಿಸಿಕೊಳ್ಳುತ್ತದೆ. ಅದೇ ಬೆಲ್ಟ್ ಮೇಲೆ ಬಣ್ಣದ ಚೌಕಗಳನ್ನೂ ಹಾಕಿ, ಎಷ್ಟು ಗಾಢ ಬಂದಿದೆ ಅಂತ ಅಳೆಯುತ್ತದೆ. ಮೆನುವಿನಲ್ಲಿ ಕ್ಯಾಲಿಬ್ರೇಷನ್ ಅಂತ ಇರುವುದು ಇದೇ. ಬೆಳಗ್ಗೆ ಆನ್ ಮಾಡಿದ ತಕ್ಷಣ ಮಾಡಬೇಡಿ. ಒಂದಿಷ್ಟು ಹಾಳೆ ಓಡಿಸಿ, ಮಷೀನು ಬಿಸಿಯಾದ ಮೇಲೆ ಮಾಡಿ, ಆಮೇಲೆ ಕ್ಯಾಟಲಾಗ್ ಶುರು ಮಾಡಿ. ಸೆನ್ಸರ್ ಮೇಲೆ ಟೋನರ್ ಧೂಳು ಕೂತಿದ್ದರೆ ಎಷ್ಟು ಕ್ಯಾಲಿಬ್ರೇಷನ್ ಮಾಡಿದರೂ ಸುಮ್ನೆ. ಆಫೀಸ್ ಮಷೀನುಗಳಲ್ಲಿ ಆ ಸೆನ್ಸರ್ ಒರೆಸಿದವರನ್ನು ನಾನಂತೂ ನೋಡಿಲ್ಲ.

ದಿನಕ್ಕೊಂದು ಬಣ್ಣ ಬರುವುದಕ್ಕೆ ಹವೆಯೂ ಕಾರಣ. ಒಣ ಹವೆಯಲ್ಲಿ ಟೋನರ್ ಚಾರ್ಜ್ ಜಾಸ್ತಿ ಹಿಡಿಯುತ್ತದೆ, ಡ್ರಮ್‌ಗೆ ಹೋಗುವ ಪುಡಿ ಕಡಿಮೆಯಾಗಿ ಪ್ರಿಂಟ್ ತೆಳುವಾಗುತ್ತದೆ. ತೇವದಲ್ಲಿ ಉಲ್ಟಾ, ಗಾಢವಾಗುತ್ತದೆ, ಬಿಳಿ ಜಾಗದಲ್ಲೂ ಮಬ್ಬು ಬರುತ್ತದೆ. ಹಾಳೆ ತೇವ ಕುಡಿದಿದ್ದರೆ ಟೋನರ್ ಸರಿಯಾಗಿ ಇಳಿಯುವುದಿಲ್ಲ, ದಟ್ಟ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಬೆಳಗಾವಿಯ ಜುಲೈ ತಿಂಗಳಲ್ಲಿ ಬಿಚ್ಚಿಟ್ಟ ರೀಮ್ ಹಾಕಿ ನನಗೆ ಫೋನ್ ಮಾಡಬೇಡಿ ಅಂತ ಗಿರಾಕಿಗಳಿಗೆ ಮೊದಲೇ ಹೇಳಿರುತ್ತೇನೆ. ಬೇಕಾದಷ್ಟೇ ಹಾಳೆ ಕಟ್ಟಿನಿಂದ ತೆಗೆಯಿರಿ, ಉಳಿದದ್ದನ್ನು ಮುಚ್ಚಿಡಿ.

ಇನ್ನೊಂದು, ಹಾಳೆಯ ಸೆಟ್ಟಿಂಗ್. 170 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಆರ್ಟ್ ಪೇಪರ್ ಹಾಕಿ ಡ್ರೈವರ್‌ನಲ್ಲಿ (ಕಂಪ್ಯೂಟರ್‌ನ ಪ್ರಿಂಟ್ ಸೆಟ್ಟಿಂಗ್‌ನಲ್ಲಿ) ಪ್ಲೇನ್ ಪೇಪರ್ ಅಂತ ಬಿಟ್ಟರೆ ಟೋನರ್ ಪೂರ್ತಿ ಕರಗುವುದಿಲ್ಲ. ಮಂಕಾಗಿ ಕಾಣುತ್ತದೆ, ಮಡಿಸಿದ ಕಡೆ ಉದುರುತ್ತದೆ. ದಪ್ಪ ಹಾಳೆ ಅಂತ ಹೇಳಿದರೆ ಮಷೀನು ನಿಧಾನವಾಗಿ ಓಡಿ ಬಿಸಿ ಸರಿಯಾಗಿ ಕೊಡುತ್ತದೆ. ಕೊಳ್ಳುವ ಮೊದಲು ನಿಮ್ಮ ಮಷೀನು ಎಷ್ಟು ಜಿಎಸ್‌ಎಂ ತನಕ ತಗೊಳ್ಳುತ್ತದೆ ನೋಡಿಕೊಳ್ಳಿ.

ಗುಮ್ಮಟ_ಸೈಬರ್ ಅವರಿಗೆ: ಆ ನೀಲಿ ಚುಕ್ಕೆಗಳ ನಡುವಿನ ದೂರ ಸ್ಕೇಲ್ ಹಿಡಿದು ಅಳೆಯಿರಿ. 30 ಮಿಲಿಮೀಟರ್ ವ್ಯಾಸದ ಡ್ರಮ್ ಒಂದು ಸುತ್ತಿಗೆ ಸುಮಾರು 94 ಮಿಲಿಮೀಟರ್, 24ರ ಡ್ರಮ್ ಸುಮಾರು 75. ನಿಮ್ಮ ಡ್ರಮ್ ಸುತ್ತಳತೆಗೆ ಸರಿಹೊಂದಿದರೆ ಸಯಾನ್ ಡ್ರಮ್ ಮೇಲೆ ಗೀರು ಬಿದ್ದಿದೆ ಅಥವಾ ಏನೋ ಅಂಟಿದೆ. ದೂರ ಅದಕ್ಕಿಂತ ಕಡಿಮೆ ಇದ್ದರೆ ಸಣ್ಣ ರೋಲರ್ ಯಾವುದೋ ಇರಬೇಕು.

ಖಣದಂಗಡಿ_ಗುಳೇದಗುಡ್ಡ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ರೀ. ಹಾಳೆ ಸೆಟ್ಟಿಂಗ್ ಬದಲಿಸಿ, ಮಷೀನು ಬಿಸಿ ಮಾಡಿ ಕ್ಯಾಲಿಬ್ರೇಷನ್ ಮಾಡಿಸಿದೆವು. ಬಣ್ಣ ಈಗ ಒಂದೇ ಸಮನೆ ಬರುತ್ತಿದೆ. ಬಿಳಿ ಅಕ್ಷರದ ಗೆರೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಖಣದ ಮೇಲಿನ ಅಲೆ ಮಾತ್ರ ಹಾಗೇ ಇದೆ. ಕೆಂಪೂ ಅಷ್ಟೇ, ಇಟ್ಟಿಗೆ ಬಣ್ಣವೇ.

ಡಿಟಿಪಿ_ಜಮಖಂಡಿ:

ಮಷೀನಿನ ಮಾತು ಮೇಲಿನವರು ಹೇಳಿದರು. ಉಳಿದದ್ದು ಫೈಲಿನ ಕಡೆಯದು ಅನಿಸುತ್ತದೆ. ನಾನು ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್ ಮಾಡುವವಳು. ದಿನಾ ಇದರ ಜೊತೆಗೇ ಜಗಳ.

ಕಪ್ಪು ಪಟ್ಟಿ, ಬಿಳಿ ಅಕ್ಷರ ಎರಡೂ ಜೆಪಿಜಿ ಚಿತ್ರದ ಒಳಗೇ ಇವೆಯಾ? ಹಾಗಿದ್ದರೆ ಪ್ರಿಂಟರ್‌ಗೆ ಅದು ಅಕ್ಷರ ಅಂತ ಗೊತ್ತೇ ಆಗುವುದಿಲ್ಲ. ಫೋಟೊ ಅಂದುಕೊಂಡು ಕಪ್ಪನ್ನು ನಾಲ್ಕೂ ಬಣ್ಣ ಬೆರೆಸಿ ಮಾಡುತ್ತದೆ, ಹಾಫ್‌ಟೋನ್‌ನಲ್ಲಿ ಒಡೆಯುತ್ತದೆ. ನಾಲ್ಕು ಬಣ್ಣ ಇದ್ದರೆ ತಾನೇ ಅಂಚು ತಪ್ಪುವುದು? ಕೋರಲ್‌ಡ್ರಾದಲ್ಲಿ ಆ ಪಟ್ಟಿಯನ್ನು ಕಪ್ಪು ನೂರು, ಉಳಿದ ಮೂರು ಸೊನ್ನೆ ಮಾಡಿ ಬರೆಯಿರಿ. ಅಕ್ಷರವನ್ನು ಅಕ್ಷರವಾಗಿಯೇ ಇಟ್ಟು ಪಿಡಿಎಫ್ ಮಾಡಿ. ನುಡಿ ಫಾಂಟ್ ಆದರೆ ಕರ್ವ್ಸ್‌ಗೆ (ಅಕ್ಷರದ ಗೆರೆಯ ಆಕಾರಕ್ಕೆ) ಬದಲಿಸಿ ಕಳಿಸಿ, ಇಲ್ಲಾಂದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಎಲ್ಲೋ ಹಾರುತ್ತದೆ. ಪಟ್ಟಿಯಲ್ಲಿ ಒಂದೇ ಟೋನರ್ ಇದ್ದರೆ ಸರಿಯುವುದಕ್ಕೆ ಇನ್ನೊಂದು ಬಣ್ಣವೇ ಇರುವುದಿಲ್ಲ. ಒಂದೇ ಕೊರತೆ ಅಂದರೆ ದೊಡ್ಡ ಪಟ್ಟಿಯಾದರೆ ಕಪ್ಪು ನಾಲ್ಕು ಬಣ್ಣದಷ್ಟು ಗಾಢ ಇರುವುದಿಲ್ಲ. ನನಗೆ ಅದು ಪರವಾಗಿಲ್ಲ.

ಖಣದ ಅಲೆಗೆ ಮ್ವಾರೆ ಅಂತಾರೆ. ಎರಡು ಸಣ್ಣ ಜಾಲರಿ ಒಂದರ ಮೇಲೊಂದು ಬಂದಾಗ ಹುಟ್ಟುವ ಸುಳ್ಳು ಪಟ್ಟೆ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣದ ಜಾಲರಿಗಳೇ ಒಂದಕ್ಕೊಂದು ಜಗಳ ಆಡಬಾರದು ಅಂತ ಕಪ್ಪನ್ನು 45 ಡಿಗ್ರಿ, ಸಯಾನ್ 15, ಮೆಜೆಂಟಾ 75, ಹಳದಿ 0 ಅಂತ ತಿರುಗಿಸಿ ಇಡುವುದು ವಾಡಿಕೆ. ಲೇಸರ್‌ನಲ್ಲೂ ಹೀಗೇ ಕೋನ ಬೇರೆ ಬೇರೆ ಇರುತ್ತದೆ. ನಿಮ್ಮ ಖಣ ಐದನೇ ಜಾಲರಿ! ಅದರ ಕೋನ ಯಾರೂ ಲೆಕ್ಕ ಹಾಕಿರುವುದಿಲ್ಲ.

ಫೋಟೊವನ್ನು ಕಂಪ್ಯೂಟರ್‌ನಲ್ಲಿ ನೂರು ಪರ್ಸೆಂಟ್ ಅಳತೆಯಲ್ಲಿ ತೆರೆದು ನೋಡಿ. ಅಲ್ಲೇ ಅಲೆ ಇದ್ದರೆ ಕ್ಯಾಮೆರಾದಲ್ಲೇ ಹುಟ್ಟಿದೆ. ಸೆನ್ಸರ್‌ನ ಪಿಕ್ಸೆಲ್ ಸಾಲಿಗೂ ನೇಯ್ಗೆ ಸಾಲಿಗೂ ತಿಕ್ಕಾಟ ಆಗಿದೆ. ಸ್ವಲ್ಪ ಹತ್ತಿರ ಹೋಗಿ ಅಥವಾ ಬಟ್ಟೆಯನ್ನು ಸ್ವಲ್ಪ ಓರೆ ಮಾಡಿ ಮತ್ತೆ ತೆಗೆಯುವುದೇ ದಾರಿ. ಪರದೆ ಮೇಲೆ ಇಲ್ಲ, ಹಾಳೆ ಮೇಲೆ ಮಾತ್ರ ಇದೆ ಅಂದರೆ ಹಾಫ್‌ಟೋನ್ ಕಾರಣ. ಡ್ರೈವರ್‌ನಲ್ಲಿ ಸ್ಮೂತ್, ಡೀಟೇಲ್ ಅಂತ ಎರಡು ಆಯ್ಕೆ ಇದ್ದರೆ ಡೀಟೇಲ್ ಆರಿಸಿ, ಜಾಲರಿ ಸಣ್ಣದಾಗುತ್ತದೆ. ಚಿತ್ರವನ್ನು ಸ್ವಲ್ಪ ದೊಡ್ಡದು ಚಿಕ್ಕದು ಮಾಡಿದರೂ ಎಷ್ಟೋ ಸಲ ಅಲೆ ಮಾಯವಾಗುತ್ತದೆ. ವಿಜಯಪುರದವರು ಆಕಾಶಕ್ಕೆ ಸ್ಮೂತ್ ಇಡಲಿ. ನಿಮ್ಮಿಬ್ಬರದೂ ಉಲ್ಟಾ ರೋಗ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಹಾಕಬೇಡಿ, ದಯವಿಟ್ಟು. ಮಾಮೂಲಾಗಿ ಕಳಿಸಿದರೆ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ನಿಮ್ಮ ಪುಟದ ಉದ್ದ 210 ಮಿಲಿಮೀಟರ್, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 2480 ಬೇಕು. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲ್ ಹಾಗೇ ಬರುತ್ತದೆ.

ಕೆಂಪಿನ ಮಾತು. ಪರದೆ ಬೆಳಕು ಬೀರಿ ತೋರಿಸುತ್ತದೆ, ಟೋನರ್ ಬೆಳಕು ನುಂಗಿ ತೋರಿಸುತ್ತದೆ. ಪರದೆಯ ಎಲ್ಲ ಬಣ್ಣವೂ ಟೋನರ್‌ಗೆ ಎಟುಕುವುದಿಲ್ಲ. ಕಡುನೀಲಿ, ಹೊಳೆಯುವ ಕಿತ್ತಳೆ, ಗಿಳಿ ಹಸಿರು ಇವು ಸೋಲುತ್ತವೆ. ದಾಳಿಂಬೆ ಕೆಂಪು ಮೆಜೆಂಟಾ ಮತ್ತು ಹಳದಿಯಿಂದ ಸಾಕಷ್ಟು ಚೆನ್ನಾಗಿಯೇ ಬರುತ್ತದೆ. ಇಟ್ಟಿಗೆ ಬಣ್ಣ ಆಗಿದೆ ಅಂದರೆ ಹಳದಿ ಜಾಸ್ತಿ ಇದೆ, ಜೊತೆಗೆ ಸಯಾನ್ ಸೇರಿಕೊಂಡಿದೆ. ಅಂಗಡಿಯ ಹಳದಿ ಬಲ್ಬ್ ಕೆಳಗೆ ಫೋಟೊ ತೆಗೆದಿರಾ? ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ನೆರಳಲ್ಲಿ, ಹಗಲು ಬೆಳಕಲ್ಲಿ ತೆಗೆಯಿರಿ. ಆ ಹಾಳೆ ಬಿಳಿಯಾಗಿ ಕಾಣುವ ತನಕ ಚಿತ್ರ ಸರಿಮಾಡಿ, ಆಮೇಲೆ ಚಿತ್ರದಿಂದ ಹಾಳೆಯ ಭಾಗ ಕತ್ತರಿಸಿ ತೆಗೆಯಿರಿ. ರೇಷ್ಮೆ ಸೆರಗಿನ ಮಿಂಚು, ಜರಿಯ ಬಂಗಾರ ಮಾತ್ರ ನಾಲ್ಕು ಟೋನರ್‌ನಲ್ಲಿ ಆಗುವ ಕೆಲಸ ಅಲ್ಲ. ಜರಿ ಸಾಸಿವೆ ಬಣ್ಣವಾಗಿಯೇ ಬರುತ್ತದೆ. ಬಂಗಾರ, ಬೆಳ್ಳಿ ಟೋನರ್ ಹಾಕುವ ದೊಡ್ಡ ಮಷೀನುಗಳಿವೆ, ನೂರು ಪ್ರತಿಗೆ ಅವುಗಳ ಸಹವಾಸ ಬೇಡ.

ಖಣದಂಗಡಿ_ಗುಳೇದಗುಡ್ಡ:

ಮುಖಪುಟ ಪೂರ್ತಿ ಜೆಪಿಜಿಯೇ ಆಗಿತ್ತು, ಮಾಡಿಕೊಟ್ಟ ಹುಡುಗ ಹಾಗೇ ಕೊಟ್ಟಿದ್ದ. ಪಿಡಿಎಫ್ ಮಾಡಿಸಿದ ಮೇಲೆ ಗೆರೆ ಹೋಯಿತು. ಅಲೆ ಕೆಲವು ಖಣದಲ್ಲಿ ಫೋಟೊದಲ್ಲೇ ಇದೆ, ಅವನ್ನು ಮತ್ತೆ ತೆಗೆಯುತ್ತೇವೆ. ಉಳಿದವು ಡೀಟೇಲ್ ಇಟ್ಟ ಮೇಲೆ ಸರಿಯಾದವು. ಅಂಗಡಿಯ ಹಳದಿ ಬಲ್ಬ್ ಅಂತ ಅಲ್ಲಿಂದಲೇ ಹೇಗೆ ಕಂಡುಹಿಡಿದಿರಿ ಮಾರಾಯರೇ!

ಮಗ್ಗದವರ ಹತ್ತಿರ ದಾರ ಎಣಿಸುವ ಭೂತಗನ್ನಡಿ ಇತ್ತು. ಅದರಲ್ಲಿ ಪ್ರಿಂಟ್ ನೋಡಿದೆ, ನೀವು ಹೇಳಿದ ಡಾಟ್ ಮನೆಗಳು ಚೆನ್ನಾಗಿ ಕಾಣಿಸಿದವು. ಆದರೆ ಖಾಲಿ ಬಿಳಿ ಜಾಗದಲ್ಲೂ ಅಲ್ಲಲ್ಲಿ ತೀರಾ ಸಣ್ಣ ಹಳದಿ ಚುಕ್ಕಿ ಇವೆ. ಟೋನರ್ ಸೋರುತ್ತಿದೆಯಾ?

ಡ್ರಮ್‌ರಿಪೇರಿ_ಬೆಳಗಾವಿ:

ಒಂದೇ ವಿನ್ಯಾಸ ಹಾಳೆ ತುಂಬ ಮತ್ತೆ ಮತ್ತೆ ಬರುತ್ತಿದ್ದರೆ ಅದು ಸೋರಿಕೆ ಅಲ್ಲ. ಅನೇಕ ಕಲರ್ ಲೇಸರ್‌ಗಳು ತಮ್ಮ ಗುರುತನ್ನು ಹಳದಿ ಚುಕ್ಕಿಯಲ್ಲಿ ತಾವೇ ಹಾಕುತ್ತವೆ. ಖೋಟಾ ನೋಟು ಹಿಡಿಯುವುದಕ್ಕೆ ಅಂತ ಶುರುವಾದ ಪದ್ಧತಿ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವರು 2005ರಲ್ಲಿ ಝೆರಾಕ್ಸ್ ಡಾಕ್ಯುಕಲರ್ ಮಷೀನಿನ ಚುಕ್ಕಿಗಳನ್ನು ಬಿಡಿಸಿ, ಅದರಲ್ಲಿ ಮಷೀನಿನ ಸೀರಿಯಲ್ ನಂಬರ್, ಪ್ರಿಂಟ್ ಆದ ದಿನ, ಸಮಯ ಇದೆ ಅಂತ ತೋರಿಸಿದರು. ನೀಲಿ ಎಲ್‌ಇಡಿ ಬೆಳಕು ಬಿಟ್ಟು ನೋಡಿ, ಚುಕ್ಕಿ ಕಪ್ಪಗೆ ಎದ್ದು ಕಾಣುತ್ತವೆ.

ವಿನ್ಯಾಸ ಏನೂ ಇಲ್ಲದೆ ಅಡ್ಡಾದಿಡ್ಡಿ ಚೆಲ್ಲಿದ್ದರೆ ಒಂದು ಫೋಟೊ ಇಲ್ಲಿ ಹಾಕಿ. ಹಳದಿ ಕಾರ್ಟ್ರಿಜ್ ನೋಡಬೇಕಾಗುತ್ತದೆ.